ಚುಕ್ಕಿ ಇಟ್ಟಲ್ಲೇ ನಿಲ್ಲಬೇಕು

ಪಿಸ್ತೂಲಿನ ಮೇಲೊಂದು ಪುಟ್ಟ ಗಾಜು, ಗಾಜಿನಲ್ಲೊಂದು ಕೆಂಪು ಚುಕ್ಕಿ. ಒಲಿಂಪಿಕ್ಸ್ ಅದನ್ನು ಇನ್ನೂ ಒಳಗೆ ಬಿಟ್ಟುಕೊಂಡಿಲ್ಲ. ವೇಗದ ಪಿಸ್ತೂಲ್ ಪಂದ್ಯಗಳಲ್ಲಿ ಮಾತ್ರ ಮೂರು ದಶಕಗಳಿಂದ ಅದರದೇ ಆಳ್ವಿಕೆ. ಇನ್ನೂರು ಡಾಲರಿನ ಚುಕ್ಕಿಗೂ ಆರುನೂರು ಡಾಲರಿನ ಚುಕ್ಕಿಗೂ ಏನು ವ್ಯತ್ಯಾಸ? ಯಾವುದನ್ನು ನಂಬಬಹುದು? ಉತ್ತರ ಬೆಲೆಪಟ್ಟಿಯಲ್ಲಿಲ್ಲ. ಚುಕ್ಕಿ ಪಿಸ್ತೂಲಿನ ಯಾವ ಭಾಗದ ಮೇಲೆ ಕೂರುತ್ತದೆ ಎಂಬುದರಲ್ಲಿದೆ.

2024ರ ಜುಲೈ 30. ಪ್ಯಾರಿಸ್ ಒಲಿಂಪಿಕ್ಸ್‌ನ ಶೂಟಿಂಗ್ ಸ್ಪರ್ಧೆಗಳು ನಡೆದ ಶಾಟೊರೂ ರೇಂಜ್. 10 ಮೀಟರ್ ಏರ್ ಪಿಸ್ತೂಲ್ ಮಿಶ್ರ ತಂಡ ವಿಭಾಗದ ಪದಕ ಪಂದ್ಯಗಳ ದಿನ. ಕಂಚಿನ ಪಂದ್ಯದಲ್ಲಿ ಮನು ಭಾಕರ್ ಮತ್ತು ಸರಬ್ಜೋತ್ ಸಿಂಗ್ ಜೋಡಿ ಕೊರಿಯಾವನ್ನು 16–10ರಿಂದ ಮಣಿಸಿತು.

ಅದೇ ವಿಭಾಗದ ಚಿನ್ನದ ಪಂದ್ಯದಲ್ಲಿ ಟರ್ಕಿಯ ಯೂಸುಫ್ ಡಿಕೆಚ್ ನಿಂತಿದ್ದರು. ವಯಸ್ಸು 51. ಒಂದು ಕೈ ಜೇಬಿನಲ್ಲಿ, ಮೂಗಿನ ಮೇಲೆ ಮನೆಯಲ್ಲಿ ಹಾಕಿಕೊಳ್ಳುವಂಥ ಸಾಧಾರಣ ಕನ್ನಡಕ, ಎರಡೂ ಕಣ್ಣು ತೆರೆದೇ ಇವೆ. ಅವರಿಗೆ ಸಿಕ್ಕಿದ್ದು ಬೆಳ್ಳಿ. ಆ ಚಿತ್ರವಂತೂ ಜಗತ್ತಿನ ಮೊಬೈಲುಗಳನ್ನೆಲ್ಲ ಸುತ್ತಿ ಬಂತು. ಒಂದು ಕಣ್ಣಿಗೆ ಮರೆ, ಇನ್ನೊಂದಕ್ಕೆ ವಿಶೇಷ ಲೆನ್ಸ್ ಕಟ್ಟಿಕೊಂಡ ಶೂಟರ್‌ಗಳನ್ನು ನೋಡಿದ್ದ ಜನ, ‘ಇವರಿಗೇಕೆ ಇದಾವುದೂ ಬೇಡ?’ ಎಂದು ಬೆರಗಾದರು.

ಆ ಚರ್ಚೆಯಲ್ಲಿ ಹೆಚ್ಚಿನವರ ಗಮನಕ್ಕೆ ಬಾರದ ಸಂಗತಿಯೊಂದಿದೆ. ಕಣ್ಣಿನ ಸಲಕರಣೆ ಬೇರೆಬೇರೆಯಾದರೂ ಅಂದು ಎಲ್ಲರ ಪಿಸ್ತೂಲಿನ ಮೇಲಿದ್ದದ್ದು ಒಂದೇ ಬಗೆಯ ಸೈಟ್, ಅಂದರೆ ಗುರಿ ಹಿಡಿಯುವ ಸಾಧನ. ಹಿಂದೆ ಲೋಹದ ಒಂದು ಕಚ್ಚು, ಮುಂದೆ ಲೋಹದ ಒಂದು ಗೂಟ. ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟದ ನಿಯಮದ ಪ್ರಕಾರ ಪಿಸ್ತೂಲ್ ವಿಭಾಗಗಳಲ್ಲಿ ತೆರೆದ ಸೈಟ್ ಮಾತ್ರ ಸಲ್ಲುತ್ತದೆ. ದೂರದರ್ಶಕ, ಕನ್ನಡಿ, ಲೇಸರ್, ವಿದ್ಯುತ್ ಚುಕ್ಕಿ ಯಾವುದೂ ಸಲ್ಲದು.

ಹಾಗೆ ಹೊರಗುಳಿದ ಆ ವಿದ್ಯುತ್ ಚುಕ್ಕಿಯೇ ‘ರೆಡ್ ಡಾಟ್’.

ಕಣ್ಣಿಗೆ ಮೂರು ಕೆಲಸ

ಲೋಹದ ಸೈಟಿನಲ್ಲಿ ಗುರಿಯಿಡುವವರು ಮೂರು ವಸ್ತುಗಳನ್ನು ಒಂದೇ ಸಾಲಿಗೆ ತರಬೇಕು: ಹಿಂದಿನ ಸೈಟ್, ಮುಂದಿನ ಸೈಟ್, ಗುರಿಫಲಕ. ಮೂರೂ ಮೂರು ದೂರದಲ್ಲಿವೆ. ಕಣ್ಣು ಒಂದು ಸಲಕ್ಕೆ ಒಂದು ದೂರವನ್ನಷ್ಟೇ ಸ್ಪಷ್ಟವಾಗಿ ನೋಡಬಲ್ಲದು. ಹಾಗಾಗಿ ಕೋಚ್‌ಗಳು ಮೊದಲ ದಿನದಿಂದಲೇ ಹೇಳಿಕೊಡುವುದು ಇದನ್ನು: ಮುಂದಿನ ಸೈಟ್ ಸ್ಪಷ್ಟವಾಗಿರಲಿ, ಗುರಿ ಮಸುಕಾದರೂ ಪರವಾಗಿಲ್ಲ.

ಇಲ್ಲಿ ಕೂದಲೆಳೆಯ ತಪ್ಪಿಗೂ ದಂಡ ದೊಡ್ಡದು. 25 ಮೀಟರ್ ಒಲಿಂಪಿಕ್ ಪಿಸ್ತೂಲಿನಲ್ಲಿ ಎರಡು ಸೈಟ್‌ಗಳ ನಡುವಿನ ಅಂತರ 220 ಮಿಲಿಮೀಟರ್ ಮೀರುವಂತಿಲ್ಲ. ಆ ಅಂತರದಲ್ಲಿ ಮುಂದಿನ ಸೈಟ್ ಒಂದೇ ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿದರೆ, 25 ಮೀಟರ್ ಆಚೆ ಗುಂಡು ಸುಮಾರು 11 ಸೆಂಟಿಮೀಟರ್ ಪಕ್ಕಕ್ಕೆ ಹೋಗುತ್ತದೆ.

ಚಾಳೀಸು ಬರುವ ವಯಸ್ಸಿನಲ್ಲಿ ಈ ಲೆಕ್ಕ ಇನ್ನೂ ಕಠಿಣವಾಗುತ್ತದೆ. ಚಾಚಿದ ತೋಳಿನ ತುದಿಯಲ್ಲಿರುವ ಮುಂದಿನ ಸೈಟೇ ಮಸುಕಾಗತೊಡಗುತ್ತದೆ. ಕೈ ಗಟ್ಟಿಯಾಗಿದೆ, ಅನುಭವ ಮಾಗಿದೆ, ಕಣ್ಣು ಮಾತ್ರ ಒಲ್ಲೆ ಎನ್ನುತ್ತದೆ.

ಲೋಹದ ಸೈಟಿನಲ್ಲಿ ಕಣ್ಣಿನ ಪಾಲು ಎಷ್ಟು ದೊಡ್ಡದೆಂದು ಕರ್ನಾಟಕದವರಿಗೆ ಹೊಸದಾಗಿ ಹೇಳಬೇಕಿಲ್ಲ. ಬೆಂಗಳೂರಿನ ಪ್ರಕಾಶ್ ನಂಜಪ್ಪ 2013ರಲ್ಲಿ ಮುಖದ ಪಾರ್ಶ್ವವಾಯುವಿಗೆ ತುತ್ತಾದರು. ಕಣ್ಣನ್ನೇ ನಂಬಿದ ಪಿಸ್ತೂಲ್ ಶೂಟರ್‌ಗೆ ಅದಕ್ಕಿಂತ ದೊಡ್ಡ ಪೆಟ್ಟು ಬೇರಿಲ್ಲ. ಅಲ್ಲಿಂದ ಎದ್ದು ಬಂದು 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 50 ಮೀಟರ್ ಪಿಸ್ತೂಲ್ ಬೆಳ್ಳಿ ಗೆದ್ದರು, 2016ರಲ್ಲಿ ರಿಯೊ ಒಲಿಂಪಿಕ್ಸ್‌ಗೂ ಹೋದರು. ಎಲ್ಲವೂ ಬರಿಯ ಲೋಹದ ಸೈಟಿನಲ್ಲಿ.

ಡಬ್ಲಿನ್ನಿನಿಂದ ಅಡಿಲೇಡ್‌ಗೆ

ಕಣ್ಣಿನ ಈ ಹೊರೆ ಇಳಿಸುವ ದಾರಿಯನ್ನು 1900ರಲ್ಲೇ ಕಂಡುಕೊಂಡವರು ಡಬ್ಲಿನ್ನಿನ ದೂರದರ್ಶಕ ತಯಾರಕ ಹೋವರ್ಡ್ ಗ್ರಬ್. ಅವರ ಸಂಸ್ಥೆಯ ಕೈಕೆಲಸ ನಮ್ಮಲ್ಲೂ ಇದೆ: ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ನಡೆಸುವ ಕೊಡೈಕೆನಾಲ್ ವೀಕ್ಷಣಾಲಯದ ‘ಭಾವನಗರ ದೂರದರ್ಶಕ’ ಗ್ರಬ್ ಸಂಸ್ಥೆಯದೇ.

ಗ್ರಬ್ ಅವರ ಉಪಾಯ ಸರಳ. ಬೆಳಕಿನ ಗುರುತೊಂದನ್ನು ಬಾಗಿದ ಗಾಜಿನ ನಾಭಿಯಲ್ಲಿಟ್ಟರೆ, ಗಾಜಿಗೆ ಬಡಿದ ಕಿರಣಗಳು ಸಮಾಂತರವಾಗಿ ಕಣ್ಣಿಗೆ ಮರಳುತ್ತವೆ. ಕಣ್ಣಿಗೆ ಆ ಗುರುತು ಬಹುದೂರದಲ್ಲಿ, ಗುರಿಯ ಮೇಲೆಯೇ ಇದ್ದಂತೆ ತೋರುತ್ತದೆ. ಸಾಲು ಹಿಡಿಸುವ ಕೆಲಸವೇ ಇಲ್ಲ. ಗುರಿಯನ್ನು ನೋಡಿದರೆ ಸಾಕು, ಗುರುತು ಅಲ್ಲೇ ಕಾಣುತ್ತದೆ.

ಕೈಬಂದೂಕಿಗೆ ಹೊಂದುವಷ್ಟು ಚಿಕ್ಕ ಬೆಳಕು ಮಾತ್ರ ಆಗ ಇರಲಿಲ್ಲ. ಕಣ್ಣಿಗೆ ಕಾಣುವ ಕೆಂಪು ಎಲ್‌ಇಡಿ ಬಂದದ್ದು 1962ರಲ್ಲಿ. ಅದನ್ನು ಬಳಸಿ ಸ್ವೀಡನ್ನಿನ ಏಮ್‌ಪಾಯಿಂಟ್ ಕಂಪನಿ 1975ರಲ್ಲಿ ತನ್ನ ಮೊದಲ ವಿದ್ಯುತ್ ಸೈಟನ್ನು ಮಾರುಕಟ್ಟೆಗೆ ತಂದಿತು.

ಪಿಸ್ತೂಲ್ ಕ್ರೀಡೆ ತಿರುವು ಪಡೆದದ್ದು 1990ರಲ್ಲಿ, ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ. ಐಪಿಎಸ್‌ಸಿ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಅಮೆರಿಕದ ಡಗ್ ಕೋನಿಗ್ ಚುಕ್ಕಿಯ ಸೈಟ್ ಕೂರಿಸಿದ ಪಿಸ್ತೂಲಿನಿಂದ ಗೆದ್ದರು. ಐಪಿಎಸ್‌ಸಿ ಓಟ, ತಿರುವು, ವೇಗ, ನಿಖರತೆ ಎಲ್ಲವನ್ನೂ ಒಟ್ಟಿಗೆ ಅಳೆಯುವ ಪಂದ್ಯ. ಕಣ್ಣು ಗುರಿಯಿಂದ ಗುರಿಗೆ ಹಾರುವಾಗ ಕ್ಷಣದ ಚೂರುಗಳಲ್ಲಿ ಸೋಲು ಗೆಲುವು ತೀರ್ಮಾನವಾಗುತ್ತದೆ. ಅಲ್ಲಿ ಚುಕ್ಕಿ ಉಳಿಸಿಕೊಟ್ಟ ಸಮಯವೇ ಅಂಕವಾಯಿತು. ಕೆಲವೇ ವರ್ಷಗಳಲ್ಲಿ, ಚುಕ್ಕಿಗೆ ಅವಕಾಶವಿರುವ ಓಪನ್ ವಿಭಾಗದ ಮುಂಚೂಣಿಯಲ್ಲಿ ಲೋಹದ ಸೈಟ್ ಕಾಣುವುದೇ ಅಪರೂಪವಾಯಿತು. ಲೋಹದ ಸೈಟಿನವರಿಗೆ ಪ್ರತ್ಯೇಕ ವಿಭಾಗಗಳು ಹುಟ್ಟಿಕೊಂಡವು.

---

ಅಂಕಿಗಳಲ್ಲಿ ಚುಕ್ಕಿ

• ಚುಕ್ಕಿಯ ಗಾತ್ರದ ಅಳತೆ ಎಂಒಎ, ಅಂದರೆ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ. 25 ಮೀಟರ್ ದೂರದಲ್ಲಿ 1 ಎಂಒಎ ಎಂದರೆ ಸುಮಾರು 7.3 ಮಿ.ಮೀ.

• 3 ಎಂಒಎ ಚುಕ್ಕಿ 25 ಮೀಟರಿನಲ್ಲಿ ಸುಮಾರು 22 ಮಿ.ಮೀ. ಜಾಗ ಮುಚ್ಚುತ್ತದೆ, 6 ಎಂಒಎ ಚುಕ್ಕಿ ಸುಮಾರು 44 ಮಿ.ಮೀ.

• ನಿಧಾನದ, ನಿಖರ ಪಂದ್ಯಕ್ಕೆ ಚಿಕ್ಕ ಚುಕ್ಕಿ. ವೇಗದ ಪಂದ್ಯಕ್ಕೆ ಥಟ್ಟನೆ ಕಣ್ಣಿಗೆ ಬೀಳುವ ದೊಡ್ಡ ಚುಕ್ಕಿ. ಇದು ಶೂಟರ್‌ಗಳಲ್ಲಿ ಬಳಕೆಯಲ್ಲಿರುವ ಸಾಮಾನ್ಯ ಸೂತ್ರ.

• 50,000 ಗಂಟೆ ಬಾಳುವ ಬ್ಯಾಟರಿ ಎಂದರೆ ಆರಿಸದೇ ಇಟ್ಟರೂ ಐದೂವರೆ ವರ್ಷಕ್ಕೂ ಹೆಚ್ಚು. ಇದು ಮಧ್ಯಮ ಪ್ರಖರತೆಯ ಲೆಕ್ಕ; ಸುಡುಬಿಸಿಲಿಗಾಗಿ ಪ್ರಖರತೆ ಏರಿಸಿದಷ್ಟೂ ಬಾಳಿಕೆ ತಗ್ಗುತ್ತದೆ.

---

ಕೂರುವ ಜಾಗ ಮೂರು

ಯಾವ ರೆಡ್ ಡಾಟ್ ಒಳ್ಳೆಯದು ಎಂದು ಕೇಳುವವರಿಗೆ ಮೊದಲು ಕೇಳಬೇಕಾದ ಮರುಪ್ರಶ್ನೆ: ಅದನ್ನು ಎಲ್ಲಿ ಕೂರಿಸುತ್ತೀರಿ?

ಮೊದಲನೆಯದು, ಅಲುಗಾಡದ ಜಾಗ. ರೂಗರ್ ಮಾರ್ಕ್ ಸರಣಿಯಂಥ .22 ಪಿಸ್ತೂಲುಗಳಲ್ಲಿ ಹಿಂದೆ ಮುಂದೆ ಚಲಿಸುವ ಬೋಲ್ಟ್ ಒಳಗಿರುತ್ತದೆ. ಮೇಲಿನ ಕವಚ ಸ್ಥಿರ. ಅದರ ಮೇಲೆ ಕೂತ ಸೈಟಿಗೆ ತಗಲುವುದು .22 ಗುಂಡಿನ ಮೆಲು ಒದೆತ ಮಾತ್ರ.

ಎರಡನೆಯದು, ಹಿಡಿಕೆಯಿರುವ ಸ್ಥಿರ ಭಾಗವಾದ ಫ್ರೇಮಿಗೆ ಬಿಗಿದ ಬ್ರಾಕೆಟ್. ಓಪನ್ ವಿಭಾಗದ ರೇಸ್ ಪಿಸ್ತೂಲುಗಳಲ್ಲಿ, ಗುಂಡು ಹಾರಿದಾಗ ಹಿಂದೆ ಮುಂದೆ ಜಾರುವ ಲೋಹದ ಭಾಗವಾದ ಸ್ಲೈಡ್ ಅಡಿಯಲ್ಲಿ ಓಡಾಡುತ್ತದೆ, ಸೈಟ್ ಮೇಲೆ ತನ್ನ ಚೌಕಟ್ಟಿನಲ್ಲಿ ನಿಂತಿರುತ್ತದೆ. ಇಡೀ ಪಿಸ್ತೂಲಿನ ಒದೆತ ಅದಕ್ಕೆ ತಟ್ಟುತ್ತದೆ, ಸ್ಲೈಡಿನ ಏಟು ನೇರವಾಗಿ ತಟ್ಟುವುದಿಲ್ಲ.

ಮೂರನೆಯದೇ ಅಗ್ನಿಪರೀಕ್ಷೆ: ಸ್ಲೈಡಿನ ಮೇಲೇ ಕೂರುವುದು. ಅಮೆರಿಕದ ಯುಎಸ್‌ಪಿಎಸ್‌ಎ ಸಂಸ್ಥೆಯ ಕ್ಯಾರಿ ಆಪ್ಟಿಕ್ಸ್, ಐಪಿಎಸ್‌ಸಿಯ ಪ್ರೊಡಕ್ಷನ್ ಆಪ್ಟಿಕ್ಸ್ ವಿಭಾಗಗಳಲ್ಲಿ ಸೈಟ್ ಇರುವುದು ಇಲ್ಲೇ.

ಗುಂಡು ಹಾರಿದ ಕ್ಷಣ ಏನಾಗುತ್ತದೆಂದು ಹತ್ತಿರದಿಂದ ನೋಡಿ. ಸ್ಲೈಡ್ ಸೆಕೆಂಡಿನ ಹತ್ತನೇ ಒಂದು ಭಾಗಕ್ಕೂ ಕಡಿಮೆ ಅವಧಿಯಲ್ಲಿ ಹಿಂದಕ್ಕೆ ಚಿಮ್ಮಿ, ಫ್ರೇಮಿಗೆ ಬಡಿದು ನಿಂತು, ಸ್ಪ್ರಿಂಗಿನ ಒತ್ತಡಕ್ಕೆ ಮುಂದಕ್ಕೆ ನುಗ್ಗಿ ಮತ್ತೆ ಬಡಿದು ನಿಲ್ಲುತ್ತದೆ. ಒಂದು ಗುಂಡಿಗೆ ಎರಡು ಏಟು. ಗಾಜು, ಎಲ್‌ಇಡಿ, ಬೆಸುಗೆ, ಬ್ಯಾಟರಿ, ತಿರುಪು ಎಲ್ಲವೂ ಆ ಎರಡೂ ಏಟು ತಿನ್ನುತ್ತವೆ. ಪಂದ್ಯಕ್ಕೆ ಗಂಭೀರವಾಗಿ ಅಭ್ಯಾಸ ಮಾಡುವವರು ವರ್ಷಕ್ಕೆ ಹತ್ತು ಸಾವಿರ ಗುಂಡು ಹಾರಿಸಿದರೆ ಅದು ಇಪ್ಪತ್ತು ಸಾವಿರ ಏಟು.

ಹೆಚ್ಚಿನ ಬೆಲೆ ಕೊಡುವುದು ಈ ಏಟು ತಡೆಯುವ ತಾಕತ್ತಿಗೆ. .22ರ ಮೇಲೆ ಕೂರಿಸಲು ಇನ್ನೂರು ಡಾಲರ್ ಆಸುಪಾಸಿನ ಸೈಟ್ ಧಾರಾಳವಾಗಿ ಸಾಕು. ಅದೇ ಸೈಟನ್ನು 9 ಎಂಎಂ ಸ್ಲೈಡಿನ ಮೇಲೆ ಕೂರಿಸಿ, ವರ್ಷಗಟ್ಟಲೆ ಅಲುಗದೆ ಇರಲಿ ಎಂದು ಬಯಸುವುದು ಅನ್ಯಾಯ.

ಎಲ್ಲಿ ಕೈಕೊಡುತ್ತದೆ?

ಸ್ಲೈಡ್ ಮೇಲಿನ ಚುಕ್ಕಿ ಕೆಡುವ ಬಗೆಗಳು ಕೆಲವೇ. ಎಲ್ಲಕ್ಕಿಂತ ಸಾಮಾನ್ಯವಾದದ್ದು ಚುಕ್ಕಿ ಮಿಣುಕುವುದು. ಸ್ಲೈಡ್ ಹಿಂದಕ್ಕೆ ಚಿಮ್ಮಿದಾಗ ಬ್ಯಾಟರಿ ಇದ್ದಲ್ಲೇ ಇರಲು ಹವಣಿಸುತ್ತದೆ. ಅದನ್ನು ಒತ್ತಿ ಹಿಡಿದ ಸ್ಪ್ರಿಂಗಿನ ಎಸಳು ದುರ್ಬಲವಾಗಿದ್ದರೆ ಸಂಪರ್ಕ ಕ್ಷಣಮಾತ್ರ ತಪ್ಪುತ್ತದೆ, ಚುಕ್ಕಿ ಆರಿ ಹೊತ್ತಿಕೊಳ್ಳುತ್ತದೆ. ಶೂಟರ್‌ಗೆ ಅದು ಮರುಗುರಿ ಹಿಡಿಯಬೇಕಾದ ಕ್ಷಣ.

ಎರಡನೆಯದು ತಿರುಪು. ಎಷ್ಟೋ ಸಲ ‘ಸೈಟ್ ಕೆಟ್ಟಿದೆ’ ಎನ್ನುವ ದೂರಿನ ಮೂಲ ಸೈಟೇ ಅಲ್ಲ, ಸಡಿಲವಾದ ತಿರುಪು. ಸೈಟಿನ ತಳದ ಗುಳಿಗಳೂ ಸ್ಲೈಡಿನ ಅಥವಾ ಎರಡರ ನಡುವೆ ಕೂರಿಸುವ ಅಡಾಪ್ಟರ್ ಪ್ಲೇಟಿನ ಮೊಳೆಗಳೂ ಒಂದಕ್ಕೊಂದು ಬಿಗಿಯಾಗಿ ಕೂತರೆ ಹಿಂದೆ ಮುಂದಿನ ಏಟನ್ನು ಆ ಮೊಳೆಗಳೇ ತಡೆಯುತ್ತವೆ. ತಿರುಪಿಗೆ ಕೆಳಕ್ಕೆ ಅದುಮಿ ಹಿಡಿಯುವ ಕೆಲಸವಷ್ಟೇ. ನಡುವೆ ಕೂದಲೆಳೆಯ ಸಂದಿ ಉಳಿದರೂ ಎಲ್ಲ ಏಟು ಸೈಟನ್ನು ಹಿಡಿದಿರುವ ಎರಡು ಪುಟ್ಟ ತಿರುಪುಗಳ ಮೇಲೆ. ಅವು ಸಡಿಲವಾಗುತ್ತವೆ, ಕೊನೆಗೆ ಕತ್ತರಿಸಿಯೂ ಹೋಗುತ್ತವೆ. ದುಬಾರಿ ಸೈಟಿನ ಕೆಳಗೆ ಅಗ್ಗದ ಪ್ಲೇಟ್ ಹಾಕುವುದು ಹಾಗಾಗಿಯೇ ದೊಡ್ಡ ತಪ್ಪು.

ಮೂರನೆಯದು ಬೆಳಕಿನ ದಾರಿಗೆ ಬರುವ ಅಡ್ಡಿ. ತೆರೆದ ಬಗೆಯ ರೆಡ್ ಡಾಟ್ ಸೈಟಿನಲ್ಲಿ ಎಲ್‌ಇಡಿಯಿಂದ ಗಾಜಿನವರೆಗಿನ ಹಾದಿ ಬಯಲು. ಅದರ ಮೇಲೆ ಮಳೆಹನಿಯೋ ದೂಳೋ ಕೂತರೆ ಚುಕ್ಕಿ ಒಡೆದು ಹರಡುತ್ತದೆ, ಕೆಲವೊಮ್ಮೆ ಕಾಣುವುದೇ ಇಲ್ಲ. ಎರಡೂ ಕಡೆ ಗಾಜಿರುವ ಮುಚ್ಚಿದ ಪೆಟ್ಟಿಗೆಯ ಸೈಟ್‌ಗಳು ಬಂದದ್ದು ಈ ತೊಂದರೆ ನೀಗಲೆಂದೇ. ಅವು ತುಸು ಭಾರ, ಬೆಲೆಯೂ ಹೆಚ್ಚು. ಮಳೆ ದೂಳಿನಲ್ಲಿ ಆಡುವವರಿಗೆ ಆ ಹೆಚ್ಚಿನ ದುಡ್ಡು ಸಾರ್ಥಕ, ಒಳಾಂಗಣ ರೇಂಜಿನಲ್ಲೇ ಆಡುವವರಿಗೆ ಅಷ್ಟು ಅಗತ್ಯವಿಲ್ಲ.

ಕೆಡದೆಯೂ ಕೈಕೊಡುವ ಸನ್ನಿವೇಶ ಒಂದಿದೆ. ಪ್ರಖರತೆಯನ್ನು ತಾನೇ ಹೊಂದಿಸಿಕೊಳ್ಳುವ ಸೈಟ್, ತನ್ನ ಸುತ್ತಲ ಬೆಳಕನ್ನು ಅಳೆಯುತ್ತದೆ. ಶೂಟರ್ ಚಪ್ಪರದ ನೆರಳಿನಲ್ಲಿ, ಗುರಿ ಬಿಸಿಲಿನಲ್ಲಿ ಇದ್ದರೆ, ನೆರಳಿಗೆ ತಕ್ಕಂತೆ ಮಂಕಾದ ಚುಕ್ಕಿ ಬಿಸಿಲಿಗೆ ಹೊಳೆಯುವ ಫಲಕದ ಮೇಲೆ ಕರಗಿಹೋಗುತ್ತದೆ. ಪಂದ್ಯದ ದಿನ ಪ್ರಖರತೆಯನ್ನು ಕೈಯಿಂದಲೇ ಹೊಂದಿಸಿಕೊಳ್ಳುವುದು ಕ್ಷೇಮ.

---

ದೋಷ ಸೈಟಿನದೋ ಕಣ್ಣಿನದೋ?

ಗುಂಡಗಿರಬೇಕಾದ ಚುಕ್ಕಿ ಅಲ್ಪವಿರಾಮದಂತೆ ಬಾಲ ಬಿಟ್ಟುಕೊಂಡೋ ನಕ್ಷತ್ರದಂತೆ ಚದುರಿಯೋ ಕಂಡರೆ ಅಂಗಡಿಗೆ ಮರಳಿಸುವ ಮುನ್ನ ಮೊಬೈಲಿನಲ್ಲಿ ಅದರ ಫೋಟೊ ತೆಗೆಯಿರಿ. ಫೋಟೊದಲ್ಲಿ ಚುಕ್ಕಿ ಗುಂಡಗಿದ್ದರೆ ದೋಷ ನಿಮ್ಮ ಕಣ್ಣಿನದು, ಬಹುಮಟ್ಟಿಗೆ ಅಸ್ಟಿಗ್ಮ್ಯಾಟಿಸಂ. ಪ್ರಖರತೆ ತಗ್ಗಿಸಿದರೆ, ಸರಿಯಾದ ಕನ್ನಡಕ ಧರಿಸಿದರೆ ಎಷ್ಟೋ ಸುಧಾರಿಸುತ್ತದೆ. ಆರುನೂರು ಡಾಲರ್ ಕೊಟ್ಟರೂ ಈ ದೋಷವನ್ನು ಸೈಟ್ ನೀಗಿಸದು. ಕೊಳ್ಳುವ ಮುನ್ನ ಸ್ನೇಹಿತರ ಸೈಟಿನಲ್ಲಿ ಒಮ್ಮೆ ನೋಡಿ.

---

ನಡುಕವೂ ಕಾಣುತ್ತದೆ

ಅಮೆರಿಕದ ಒಹಾಯೊ ರಾಜ್ಯದಲ್ಲಿ, ಈರಿ ಸರೋವರದ ದಂಡೆಯಲ್ಲಿ ಕ್ಯಾಂಪ್ ಪೆರಿ ಎಂಬ ರೇಂಜ್ ಇದೆ. 1907ರಿಂದ ಅದು ರಾಷ್ಟ್ರೀಯ ಪಂದ್ಯಗಳ ನೆಲೆ. ಅಲ್ಲಿನ ಸಾಂಪ್ರದಾಯಿಕ ಪಂದ್ಯ ಬುಲ್ಸ್‌ಐ: ಒಂದೇ ಕೈಯಲ್ಲಿ ಪಿಸ್ತೂಲ್ ಹಿಡಿದು 50 ಗಜ ಮತ್ತು 25 ಗಜದ ಗುರಿಗೆ ಒಟ್ಟು 270 ಗುಂಡು, ಪೂರ್ಣಾಂಕ 2,700. ಓಟವಿಲ್ಲ, ಅವಸರ ಕಡಿಮೆ. ಹಿರಿಯ ವಯಸ್ಸಿನವರೂ ಹುರುಪಿನಿಂದ ಆಡುವ ಈ ಆಟದಲ್ಲೂ ರೆಡ್ ಡಾಟ್ ಬೇರೂರಿದೆ.

50 ಗಜದ ಗುರಿಯ ನಟ್ಟನಡುವಿನ ‘ಎಕ್ಸ್’ ವೃತ್ತದ ಅಡ್ಡಳತೆ ಸುಮಾರು 43 ಮಿಲಿಮೀಟರ್. ಆ ದೂರದಲ್ಲಿ 3 ಎಂಒಎ ಚುಕ್ಕಿ ಮುಚ್ಚುವುದು ಸುಮಾರು 40 ಮಿಲಿಮೀಟರ್. ಹತ್ತಿರ ಹತ್ತಿರ ಅಷ್ಟೇ ಗಾತ್ರ. ಚುಕ್ಕಿಯನ್ನು ನಟ್ಟನಡುವೆ ಇಟ್ಟು ಟ್ರಿಗರ್ ಎಳೆದರೆ ಆಯಿತಲ್ಲ ಎನಿಸುತ್ತದೆ.

ಆದರೆ ಚುಕ್ಕಿ ನಿಲ್ಲುವುದಿಲ್ಲ. ಯಾವ ಮನುಷ್ಯನ ಕೈಯೂ ಪೂರ್ತಿ ಸ್ಥಿರವಲ್ಲ. ಲೋಹದ ಸೈಟಿನಲ್ಲಿ ಮಸುಕಾದ ಗುರಿಯ ಹಿಂದೆ ಅಡಗಿರುತ್ತಿದ್ದ ನಡುಕವನ್ನು ಚುಕ್ಕಿ ಎದ್ದು ಕಾಣುವಂತೆ ತೋರಿಸಿಬಿಡುತ್ತದೆ. ಹೊಸಬರು ಬೆಚ್ಚಿ, ಚುಕ್ಕಿ ನಡುವಿಗೆ ಬಂದ ಕ್ಷಣವನ್ನೇ ಕಾದು ಟ್ರಿಗರನ್ನು ಕಿತ್ತೆಳೆಯುತ್ತಾರೆ. ಗುಂಡು ಕಪ್ಪು ವೃತ್ತದಾಚೆ ಹೋಗುತ್ತದೆ. ನಡುಕವನ್ನು ಒಪ್ಪಿಕೊಂಡು, ಚುಕ್ಕಿ ತನ್ನ ಪಾಡಿಗೆ ತೂಗಾಡಲು ಬಿಟ್ಟು, ಟ್ರಿಗರನ್ನು ಒಂದೇ ಸಮ ಒತ್ತುತ್ತ ಹೋಗುವವರಿಗೆ ಅಂಕ ಒಲಿಯುತ್ತದೆ.

ವೇಗದ ಪಂದ್ಯದಲ್ಲಿ ಇನ್ನೊಂದು ಪಾಠ. ಪಿಸ್ತೂಲನ್ನು ಮೇಲೆತ್ತಿದಾಗ ಗಾಜಿನಲ್ಲಿ ಚುಕ್ಕಿಯೇ ಇಲ್ಲ! ಸೈಟ್ ಕೆಟ್ಟಿಲ್ಲ, ಮಣಿಕಟ್ಟು ತುಸು ಓರೆಯಾಗಿದೆ. ಖಾಲಿ ಪಿಸ್ತೂಲಿನಲ್ಲಿ ಸಾವಿರ ಸಲ ಎತ್ತಿ ಹಿಡಿದು ಅಭ್ಯಾಸ ಮಾಡುವುದರ ಹೊರತು ಇದಕ್ಕೆ ಔಷಧವಿಲ್ಲ.

---

ಕೂರಿಸುವಾಗ ನೆನಪಿರಲಿ

• ಪಿಸ್ತೂಲ್ ಖಾಲಿ ಇದೆಯೇ ಎಂದು ಎರಡು ಸಲ ನೋಡಿ. ಆಮೇಲೆ ಉಳಿದದ್ದು.

• ತಿರುಪಿನ ಎಳೆಗಳಲ್ಲಿ ಎಣ್ಣೆ ಇದ್ದರೆ ಥ್ರೆಡ್ ಲಾಕರ್ ಅಂಟು ಹಿಡಿಯುವುದಿಲ್ಲ. ಸ್ಪಿರಿಟಿನಲ್ಲಿ ಒರೆಸಿ, ಒಣಗಿಸಿ, ಒಂದೇ ಹನಿ ಹಾಕಿ.

• ಕೈಯಂದಾಜಿನಲ್ಲಿ ಬಿಗಿಯಬೇಡಿ. ತಯಾರಕರು ಹೇಳಿದ ಅಳತೆಗೆ ಟಾರ್ಕ್ ಸ್ಕ್ರೂಡ್ರೈವರ್‌ನಿಂದಲೇ ಬಿಗಿಯಿರಿ.

• ತಿರುಪಿನ ತಲೆಯಿಂದ ಸೈಟಿನ ಮೈವರೆಗೆ ಬಣ್ಣದ ಪೆನ್ನಿನಲ್ಲಿ ಒಂದು ಗೆರೆ ಎಳೆಯಿರಿ. ಗೆರೆ ತುಂಡಾಗಿ ಕಂಡರೆ ತಿರುಪು ತಿರುಗಿದೆ ಎಂದರ್ಥ.

• ಬ್ಯಾಟರಿಯನ್ನು ವರ್ಷಕ್ಕೊಮ್ಮೆ, ಮರೆಯದ ಒಂದು ದಿನಾಂಕದಂದು ಬದಲಿಸಿ. ಅದು ಸಾಯುವವರೆಗೆ ಕಾಯಬೇಡಿ. ಸೈಟ್ ಬಿಚ್ಚದೆ ಬದಲಿಸುವ ಸೌಲಭ್ಯವಿದ್ದರೆ ಮೇಲು. ಬಿಚ್ಚಿದರೆ ಗುರಿ ಮತ್ತೆ ಹೊಂದಿಸಿ ಪರೀಕ್ಷಿಸಬೇಕು.

---

ದುಡ್ಡಿನ ಲೆಕ್ಕ

ಅಮೆರಿಕದಲ್ಲಿ 9 ಎಂಎಂ ಗುಂಡೊಂದಕ್ಕೆ ಸುಮಾರು ಕಾಲು ಡಾಲರ್. ವರ್ಷಕ್ಕೆ ಹತ್ತು ಸಾವಿರ ಗುಂಡು ಎಂದರೆ ಎರಡೂವರೆ ಸಾವಿರ ಡಾಲರ್. ಅದರ ಮುಂದೆ ಇನ್ನೂರಕ್ಕೂ ಆರುನೂರಕ್ಕೂ ನಡುವಿನ ಅಂತರ ಚಿಕ್ಕದು, ಅದೂ ಸೈಟ್ ಹಲವು ವರ್ಷ ಬಾಳಿದರೆ ಇನ್ನೂ ಚಿಕ್ಕದು. ಒಂದು ಪಂದ್ಯದ ಪ್ರವೇಶ ಶುಲ್ಕ, ಪ್ರಯಾಣ, ವಸತಿ ಸೇರಿಸಿದರೆ, ನಡುವೆ ಆರಿದ ಒಂದು ಚುಕ್ಕಿ ಮಾಡುವ ನಷ್ಟ ಅದಕ್ಕಿಂತ ಹೆಚ್ಚು.

ಹಾಗೆಂದು ಎಲ್ಲರೂ ದುಬಾರಿಯದನ್ನೇ ಕೊಳ್ಳಬೇಕಿಲ್ಲ. ತಿಂಗಳಿಗೊಮ್ಮೆ .22 ಹಿಡಿಯುವವರು ಇನ್ನೂರು ಡಾಲರಿನಲ್ಲೇ ತೃಪ್ತರಾಗಿರಲಿ, ಉಳಿದ ದುಡ್ಡು ಗುಂಡಿಗೆ ಹೋಗಲಿ. ಸ್ಲೈಡಿನ ಮೇಲೆ ಕೂರಿಸಿ ಋತುವಿಡೀ ಪಂದ್ಯ ಆಡುವವರು ಮಾತ್ರ ಮೊದಲು ಗಟ್ಟಿ ಪ್ಲೇಟಿಗೆ, ಆಮೇಲೆ ಗಟ್ಟಿ ಸೈಟಿಗೆ ದುಡ್ಡು ಹಾಕಲಿ. ಸಾಧ್ಯವಾದರೆ ಚುಕ್ಕಿ ಆರಿದರೂ ಗಾಜಿನ ಮೂಲಕ ಕಾಣುವಂಥ ಎತ್ತರದ ಲೋಹದ ಸೈಟ್ ಒಂದಿರಲಿ. ಅದಕ್ಕೆ ಬ್ಯಾಟರಿ ಬೇಕಿಲ್ಲ.

ಈ ಲೆಕ್ಕ ಡಾಲರಿನಲ್ಲಿ ಮುಗಿಯುವುದಿಲ್ಲ. ಶೂಟಿಂಗ್ ಕಲಿಯುವುದೆಂದರೆ ತಪ್ಪಿದ ಪ್ರತಿ ಗುಂಡಿಗೂ ಕಾರಣ ಹುಡುಕುವುದು. ಟ್ರಿಗರ್ ಕಿತ್ತೆನೇ? ಮಣಿಕಟ್ಟು ಸಡಿಲವಾಯಿತೇ? ಕಣ್ಣು ಮೊದಲೇ ಮುಂದಿನ ಗುರಿಗೆ ಹಾರಿತೇ? ಸೈಟ್ ತಾನೇ ಸರಿದಿರಬಹುದು ಎಂಬ ಅನುಮಾನ ಒಮ್ಮೆ ಹೊಕ್ಕರೆ ಈ ಪ್ರಶ್ನೆಗಳಿಗೆ ಉತ್ತರವೇ ಸಿಗದು. ಶೂಟರ್ ತನ್ನ ಕೈ ತಿದ್ದುವ ಬದಲು ತಿರುಪಿನ ಗುಂಡಿ ತಿರುಗಿಸುತ್ತ ಕೂರುತ್ತಾನೆ. ಗುಂಡಿನ ಪೆಟ್ಟಿಗೆಗಳು ಖಾಲಿಯಾಗುತ್ತವೆ, ಕಲಿಕೆ ಆಗುವುದಿಲ್ಲ.

ನಂಬಿಕಸ್ತ ಚುಕ್ಕಿ ಅಂಕ ಕೊಡಿಸುತ್ತದೆಂದು ಯಾರೂ ಭರವಸೆ ಕೊಡಲಾರರು. ತಪ್ಪು ನಿನ್ನದೇ ಎಂದು ಅದು ಖಚಿತವಾಗಿ ಹೇಳುತ್ತದೆ. ತಿದ್ದಿಕೊಳ್ಳುವ ಮನಸ್ಸಿರುವ ಆಟಗಾರನಿಗೆ ಅದಕ್ಕಿಂತ ಬೆಲೆಬಾಳುವ ಮಾತನ್ನು ಯಾವ ಉಪಕರಣವೂ ಹೇಳಲಾರದು. ಹಾಗಾಗಿ ಕೊಂಡ ಮೊದಲ ವಾರ ಪಂದ್ಯಕ್ಕೆ ಓಡಬೇಡಿ. ಆಸರೆಯ ಮೇಲೆ ಪಿಸ್ತೂಲ್ ಇಟ್ಟು 25 ಮೀಟರಿನಲ್ಲಿ ಹತ್ತು ಗುಂಡು ಹಾರಿಸಿ, ಫಲಕ ಎತ್ತಿಡಿ. ಐನೂರು ಗುಂಡಿನ ಬಳಿಕ ಅದೇ ಜಾಗದಿಂದ ಮತ್ತೆ ಹತ್ತು ಹಾರಿಸಿ, ಎರಡೂ ಫಲಕಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಗುಂಪು ಸರಿದಿಲ್ಲವೆಂದರೆ ಬೆಲೆ ಎಷ್ಟೇ ಇರಲಿ, ಆ ಸೈಟ್ ನಿಮಗೆ ತಕ್ಕದ್ದು. ಸರಿದಿದ್ದರೆ ಮೊದಲು ತಿರುಪು ನೋಡಿ, ಆಮೇಲೆ ಪ್ಲೇಟ್, ಕೊನೆಗೆ ಸೈಟ್.